ಗಂಟೆ ಬಾರಿಸದೆ ಬದಲಾದದ್ದು

ನಮ್ಮೂರಿನಲ್ಲಿ ಹುಟ್ಟಿದವರು ಯಾರೂ ಇರಲಿಲ್ಲ. ನಾನು ಹುಟ್ಟಿದ್ದು ಹೊಳೆಯಾಚೆ, ನನ್ನಣ್ಣ ಹುಟ್ಟಿದ್ದೂ ಹೊಳೆಯಾಚೆ. ಬಸುರಿಯರಿಗೆ ಏಳು ತುಂಬುತ್ತಿದ್ದ ಹಾಗೆ ಮಡಿಲು ತುಂಬಿ ದೋಣಿ ಹತ್ತಿಸುವುದು, ಕೂಸಿಗೆ ಕತ್ತು ನಿಂತ ಮೇಲೆ ವಾಪಸು ಕರೆದುಕೊಂಡು ಬರುವುದು ಇಲ್ಲಿಯ ಪದ್ಧತಿ. ಯಾಕೆ ಅಂತ ಕೇಳಿದರೆ ಹಿರಿಯರದು ಒಂದೇ ಉತ್ತರ. "ಹೆರಿಗೆ ಅನ್ನೋದು ಶುರು ಮಾಡಿದ ಕೆಲಸ ಕಣಮ್ಮ. ನಡುವೆ ಬಿಳುಪು ಬಂದ್ರೆ ಏನು ಗತಿ?"

ಬಿಳುಪು ಬರುವುದು ಗಂಟೆಯಿಂದ. ಊರಲ್ಲಿ ಏನು ಬದಲಾಗಬೇಕಿದ್ದರೂ, ಒಂದು ಬಾಗಿಲ ಬಣ್ಣವೇ ಆಗಲಿ, ಗುಡ್ಡದ ಮೇಲಿನ ಗಂಟೆಮನೆಗೆ ಹೋಗಿ ಹೇಳಬೇಕು. ಅಲ್ಲಿ ವೀರಭದ್ರಯ್ಯನವರು ತಗಡಿನ ತುತ್ತೂರಿ ಹಿಡಿದು "ಕೈ ಬಿಡ್ರಪ್ಪೋ, ಕಣ್ಣು ಮುಚ್ರಪ್ಪೋ" ಎಂದು ಕೂಗಿ ಗಂಟೆಗೆ ಒಂದು ಏಟು ಹಾಕುತ್ತಾರೆ. ಊರೆಲ್ಲ ಹಾಲಿನಲ್ಲಿ ಅದ್ದಿದ ಹಾಗೆ ಬೆಳ್ಳಗಾಗುತ್ತದೆ. ಆಮೇಲೆ ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಮರಳಿ ಬರುತ್ತದೆ. ಮೊದಲು ಗಂಟೆಮನೆ, ನೀರಿನ ಟ್ಯಾಂಕು, ಆಮೇಲೆ ಪೇಟೆ, ನಮ್ಮ ಬೀದಿ, ಕೊನೆಗೆ ದೋಣಿ ನಿಲ್ಲುವ ಕಡವು. ಕೇಳಿದ್ದು ಬದಲಾಗಿರುತ್ತದೆ. ಮುಗಿದ ಕೆಲಸ ಮುಗಿದ ಹಾಗೇ ಇರುತ್ತದೆ. ಅರ್ಧಕ್ಕೆ ನಿಂತದ್ದು ಮಾತ್ರ ಮೊದಲಿಗೆ ಹೋಗಿಬಿಟ್ಟಿರುತ್ತದೆ. ನಾದುತ್ತಿದ್ದ ಹಿಟ್ಟು ಮತ್ತೆ ಒಣ ಹಿಟ್ಟು, ಅದರ ನೀರು ಮತ್ತೆ ಚೊಂಬಿನಲ್ಲಿ.

ಅದಕ್ಕೇ ನಮ್ಮವರದು ಸಣ್ಣ ಸಣ್ಣ ಕೆಲಸ. ಇಲ್ಲಿ ನೇಯುವ ಬಟ್ಟೆಯಲ್ಲಿ ಟವೆಲ್ಲೇ ದೊಡ್ಡದು, ಸೀರೆ ಬರುವುದು ಹೊಳೆಯಾಚೆಯಿಂದ. ಹಾಡಿಗೆ ಪಲ್ಲವಿ ಇದೆ, ಚರಣ ಇಲ್ಲ. ರುಬ್ಬಿಟ್ಟ ಹಿಟ್ಟು ಹುಳಿ ಬರುವ ಮುಂಚೆ ಯಾರಾದರೊಬ್ಬರು ಗಂಟೆ ಹೊಡೆಸಿರುತ್ತಾರೆ, ಹಾಗಾಗಿ ದೋಸೆ ಅಂದರೆ ನಮಗೆ ಪ್ರಯಾಣ ಹೋದಾಗ ತಿನ್ನುವ ತಿಂಡಿ. ಜಗಳವನ್ನೂ ಬೇಗ ಮುಗಿಸುತ್ತಾರೆ. ನಡುವೆ ಬಿಳುಪು ಬಂದರೆ ಮತ್ತೆ ಮೊದಲಿಂದ ಬೈಯಬೇಕಲ್ಲ.

ನನಗೆ ಕಷ್ಟವಾದದ್ದು ಮಾತು. ನಾನು ಒಂದು ವಾಕ್ಯ ಶುರು ಮಾಡಿ ಮುಗಿಸುವಷ್ಟರಲ್ಲಿ ಬೇರೆಯವರು ಮೂರು ಮಾತಾಡಿರುತ್ತಾರೆ. ಅರ್ಧ ಆಡಿದ ಮಾತು ಬಿಳುಪಿನಲ್ಲಿ ಹೋದರೆ ಆಡಿದವರಿಗೂ ನೆನಪಿಲ್ಲ, ಕೇಳಿದವರಿಗೂ ನೆನಪಿಲ್ಲ. ಹಾಗೆ ನನ್ನ ಎಷ್ಟೋ ಮಾತು ಹೋಗಿವೆ. ಹೊಳೆಯಾಚೆ ಹಾಸ್ಟೆಲಿನಲ್ಲಿದ್ದು ಬಿ.ಎ. ಮುಗಿಸಿ ಬಂದ ಮೇಲೆ ಡೈರಿ ಬರೆಯುವುದನ್ನು ರೂಢಿ ಮಾಡಿಕೊಂಡೆ. ಅದರಲ್ಲೂ ಪುಟ್ಟ ಪುಟ್ಟ ವಾಕ್ಯ. ಇವತ್ತು ಬಿಸಿಲು. ಅಮ್ಮನಿಗೆ ಮಂಡಿನೋವು. ಕೂಡಲೇ ಚುಕ್ಕಿ ಇಡುವುದು. ಚುಕ್ಕಿ ಇಟ್ಟ ಮೇಲೆ ಬಿಳುಪು ಅದನ್ನು ಮುಟ್ಟುವುದಿಲ್ಲ.

ಜನರ ಹತ್ತಿರ ಮಾತು ಬಾರದ ನಾನು ವಸ್ತುಗಳ ಹತ್ತಿರ ಆಡುತ್ತಿದ್ದೆ. ನಮ್ಮೂರಲ್ಲಿ ಪ್ರತಿಯೊಂದಕ್ಕೂ ಹೆಸರಿದೆ. ಹೊಸ ಬೆಂಚು, ಕಂಬ, ಕದ ಏನು ಬಂದರೂ ಮೊದಲ ದಿನ ಅರಿಶಿನ ಹಚ್ಚಿ ನಾಮಕರಣ ಮಾಡುತ್ತಾರೆ. ಒಂದು ಹೆಸರು ಎರಡಕ್ಕೆ ಇಡುವ ಹಾಗಿಲ್ಲ. ಈಚೆಗೆ ಆ ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ, ನಾನೊಬ್ಬಳೇ. ಬಾವಿಕಟ್ಟೆಯ ಬೆಂಚು ಸೋಮಾರಿಗೆ, ಮೂಲೆಮನೆ ಗೇಟು ಕಿರಿಕಿರಿಗೆ ಹೋಗುವಾಗ ಬರುವಾಗ ಮನಸ್ಸಿನಲ್ಲೇ ಹೇಗಿದೀಯಾ ಅನ್ನುತ್ತಿದ್ದೆ.

ಕಳೆದ ಬೇಸಿಗೆಯಲ್ಲಿ ಒಂದು ಸಂಗತಿ ನಡೆಯಿತು. ನನ್ನ ಕೋಣೆಯ ಕಿಟಕಿ ಒಳಕ್ಕೆ ತೆರೆಯುತ್ತಿತ್ತು. ತೆರೆದರೆ ಮೇಜಿಗೆ ಬಡಿಯುತ್ತಿತ್ತು. ಹೊರಕ್ಕೆ ತೆರೆದರೆ ಬೇವಿನ ಕೊಂಬೆ ಕೈಗೆ ಸಿಗುತ್ತದೆ ಅಂತ ಆಸೆ. ಆದರೆ ನನ್ನೊಂದು ಕಿಟಕಿಗಾಗಿ ಊರಿನವರ ಹಿಟ್ಟೆಲ್ಲ ಹಾಳಾಗಬೇಕೆ? ಗುಡ್ಡ ಹತ್ತಿ ಕೇಳಲು ನಾಚಿಕೆ. ಕಿಟಕಿಗೇ ಹೇಳಿದೆ. "ಚಂದ್ರೀ, ನಿನ್ನ ಕದ ಹೊರಕ್ಕೆ ತೆರೀಬಾರದಾ? ಬದಲಾದಾಗ ಬೇವಿನ ಕಡೆ ಮುಖ ಮಾಡಿಕೋ." ಹೇಳಿ, ಕೋಣೆಯಲ್ಲೇ ಅತ್ತ ತಿರುಗಿ ಅಕ್ಕಿ ಆರಿಸಲು ಕೂತೆ. ಸ್ವಲ್ಪ ಹೊತ್ತಿಗೆ ಗಾಳಿ ಬಂತು, ಬೇವಿನ ಹೂ ಮೊರದೊಳಗೆ ಬಿತ್ತು. ತಿರುಗಿ ನೋಡಿದರೆ ಕದ ಹೊರಗಿತ್ತು. ಗಂಟೆ ಆಗಿರಲಿಲ್ಲ. ಮೊರದಲ್ಲಿ ಅರ್ಧ ಆರಿಸಿದ ಅಕ್ಕಿ ಅರ್ಧ ಆರಿಸಿದ ಹಾಗೇ ಇತ್ತು.

ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ಹೇಗೆ, ಯಾವಾಗ ಎಂದೆಲ್ಲ ಕೇಳುತ್ತಾರೆ, ಉದ್ದದ ಮಾತಾಗುತ್ತದೆ.

ಈ ವರ್ಷ ಅತ್ತಿಗೆಗೆ ಏಳು ತುಂಬುವ ಹೊತ್ತಿಗೆ ಹೊಳೆ ತುಂಬಿತು. ಕಡವಿನ ಬೋರ್ಡಿನಲ್ಲಿ "ಕಡವು ಮುಚ್ಚಿದೆ" ಎಂದು ಬಂದ ಮೇಲೆ ದೋಣಿ ಕದಲುವುದಿಲ್ಲ. ಬೋರ್ಡು ಬದಲಾಗುವವರೆಗೆ ಗೂಟದ ಗಂಟು ಬಿಚ್ಚಿಕೊಳ್ಳುವುದಿಲ್ಲ. ದೋಣಿ ಲಕ್ಕಣ್ಣ ಒಂದು ಸಲ ಕುಡುಗೋಲಿನಿಂದ ಹಗ್ಗ ಕೊಯ್ದು ನೋಡಿ ಕುಡುಗೋಲನ್ನೇ ಮೊಂಡು ಮಾಡಿಕೊಂಡಿದ್ದಾನೆ. ಅಕ್ಷರದ ಮೇಲೆ ಸುಣ್ಣ ಬಳಿದರೆ ಒಣಗುವಷ್ಟರಲ್ಲಿ ಹಳೆಯದೇ ಮೂಡುತ್ತದೆ. ನೀರು ಇಳಿಯಲಿ ಅಂತ ಕಾಯುತ್ತ ಕಾಯುತ್ತ ಅತ್ತಿಗೆಗೆ ಒಂಬತ್ತಕ್ಕೆ ಬಿತ್ತು.

ನನ್ನ ಅತ್ತಿಗೆ ಪಾರಿಜಾತ ಹೊಳೆಯಾಚೆಯವಳು. ನಮ್ಮೂರಿನ ಪದ್ಧತಿ ನೋಡಿ ನಕ್ಕು ನಕ್ಕೇ ಇಲ್ಲಿಗೆ ಹೊಂದಿಕೊಂಡವಳು. ಅವತ್ತು ಬೆಳಗ್ಗೆ ಕಾಫಿ ಲೋಟ ಕೆಳಗಿಟ್ಟು, ಗೋಡೆ ಹಿಡಿದು ನಿಂತು, "ಕುಮುದಾ, ನಿಮ್ಮಮ್ಮನ್ನ ಕರಿ. ನಿಮ್ಮಣ್ಣನ್ನ ಕರೀಬೇಡ, ಅವರು ನನಗಿಂತ ಮುಂಚೆ ಅಳ್ತಾರೆ" ಅಂದಳು.

ಅಮ್ಮ ಬಂದು ಹೊಟ್ಟೆ ಮುಟ್ಟಿ ನೋಡಿ ಚಾಪೆ ಹಾಸಿದಳು. ಸುದ್ದಿ ಮನೆಯ ಹೊಸಿಲು ದಾಟದಿರಲಿ ಅಂದಳು. ದೃಷ್ಟಿಯ ಭಯ ಒಂದು, ಊರಲ್ಲಿ ಯಾರೂ ಹೆರದ ಕಡೆ ಹೆರುತ್ತಿದ್ದೇವೆ ಅನ್ನುವ ಅಳುಕು ಇನ್ನೊಂದು. ಆ ಗುಟ್ಟೇ ನಮಗೆ ಮುಳುವಾಯಿತು. ನೋವು ಬಿಗಿಯಾಗಿ ಬರತೊಡಗಿ, "ಇನ್ನೇನು, ದಾರಿ ಬಿಡ್ತಿದೆ" ಅಂತ ಅಮ್ಮ ಅನ್ನುವಷ್ಟರಲ್ಲಿ ಗುಡ್ಡದಿಂದ ಕೂಗು ಕೇಳಿಸಿತು. ಕೈ ಬಿಡ್ರಪ್ಪೋ, ಕಣ್ಣು ಮುಚ್ರಪ್ಪೋ. ಅಮ್ಮ "ಅಯ್ಯೋ ಬೇಡ" ಎಂದು ಬಾಗಿಲಿಗೆ ಓಡಿದಳು. ಅಷ್ಟರಲ್ಲಿ ಎಲ್ಲ ಬೆಳ್ಳಗಾಯಿತು.

ಮರಳಿ ಬಂದಾಗ ಅತ್ತಿಗೆ ಗೋಡೆ ಹಿಡಿದು ನಿಂತಿದ್ದಳು, ಕಾಲ ಬಳಿ ಕಾಫಿ ಲೋಟ. ನೋವು ಮೊದಲಿಗೆ ಹೋಗಿತ್ತು. ಆದರೆ ಮುಖ ಬಾಡಿತ್ತು, ಕೂದಲು ಬೆವರಿಗೆ ಅಂಟಿಕೊಂಡಿತ್ತು. ಬಿಳುಪು ಅರ್ಧಕ್ಕೆ ನಿಂತ ಕೆಲಸವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತದೆ, ದಣಿವನ್ನು ತೆಗೆದುಕೊಳ್ಳುವುದಿಲ್ಲ.

"ಯಾರು ಏನು ಬದಲಾಯಿಸಿದ್ರಂತೆ?" ಅಂತ ಕೇಳಿದಳು.

ಪಕ್ಕದ ಮನೆಯ ಕೊಟ್ಟೂರಮ್ಮ ಕಿಟಕಿಯಿಂದಲೇ ಹೇಳಿದರು. "ಹೋಟೆಲ್ ಸುಬ್ರಾಯರು. ಬೋರ್ಡಲ್ಲಿ ಟೀ ಅಂತಿತ್ತಲ್ಲ, ಸ್ಪೆಷಲ್ ಟೀ ಅಂತ ಮಾಡಿಸಿದ್ರು."

"ಟೀ ಏನಾದ್ರೂ ಬದಲಾಯ್ತಾ?"

"ಎಲ್ಲೀದು, ಅದೇ ಕಲಗಚ್ಚು."

ಅತ್ತಿಗೆ ನಕ್ಕಳು. ನಗು ಅರ್ಧದಲ್ಲಿ ನೋವಾಯಿತು.

ಮಧ್ಯಾಹ್ನ ಕಳೆಯುವ ಹೊತ್ತಿಗೆ ಅಮ್ಮ ನನ್ನನ್ನು ಅಡುಗೆಮನೆಗೆ ಕರೆದು ಪಿಸುಮಾತಿನಲ್ಲಿ ಹೇಳಿದಳು. "ಮಗು ಅಡ್ಡ ತಿರುಗಿದೆ ಕಣೇ. ನನ್ನ ಕೈಲಾಗಲ್ಲ. ಹೊಳೆಯಾಚೆ ಹೊನ್ನಜ್ಜಿ ಬರಬೇಕು, ಅವರ ಕೈ ಬಿದ್ರೆ ತಿರುಗುತ್ತೆ." ಹೊನ್ನಜ್ಜಿ ನಮ್ಮನ್ನೆಲ್ಲ ಈ ಲೋಕಕ್ಕೆ ತಂದ ಸೂಲಗಿತ್ತಿ. ಜಗಲಿಯಲ್ಲಿದ್ದ ನನ್ನಣ್ಣ ನಂಜೇಶನಿಗೆ ಅದು ಕೇಳಿಸಿತು. "ನೀರು ಇಳಿದಿದೆ, ಬೆಳಗ್ಗೆಯೇ ನೋಡಿದೀನಿ. ಬೋರ್ಡು ಬದಲಾದ್ರೆ ಸಾಕು" ಎಂದವನು ಚಪ್ಪಲಿ ಕೂಡ ಹಾಕಿಕೊಳ್ಳದೆ ಗುಡ್ಡದ ಕಡೆ ಓಡಿದ.

ಅವನು ಬೀದಿ ತಿರುಗಿದ ಮೇಲೆ ಅಮ್ಮ ಚಾಪೆಯ ಬಳಿ ಬಂದು ಕುಸಿದು ಕೂತಳು. "ಬೋರ್ಡು ಬದಲಾಗಬೇಕು ಅಂದ್ರೆ ಗಂಟೆ ಆಗಬೇಕು. ಗಂಟೆಯಾದ್ರೆ ಇವಳು ಮತ್ತೆ ಮೊದಲಿಂದ. ಇನ್ನೊಂದು ಸಲ ತಡೆಯೋ ಶಕ್ತಿ ಇಲ್ಲ ಇವಳಿಗೆ, ಕುಮುದಾ."

ನಾನು ಅತ್ತಿಗೆಯನ್ನು ನೋಡಿದೆ. ಅವಳು ಅರ್ಧ ಕಣ್ಣು ತೆರೆದು, "ಏನೋ ಹೇಳಕ್ಕೆ ಬಾಯಿ ತೆಗೆದಿದೀಯ. ಹೇಳು, ಇವತ್ತು ನಾನೆಲ್ಲೂ ಹೋಗಲ್ಲ" ಅಂದಳು. ಅವಳಿಗೆ ಹಾಸಲು ತೆಗೆದಿದ್ದ ಹಳೆ ಸೀರೆ ಕೈಯಲ್ಲಿದ್ದ ಹಾಗೇ ಎದ್ದು ಓಡಿದೆ.

ಗುಡ್ಡದ ಮೇಲೆ ವೀರಭದ್ರಯ್ಯನವರು ತುತ್ತೂರಿ ಕೆಳಗಿಟ್ಟು ಸುತ್ತಿಗೆ ಎತ್ತಿಕೊಂಡಿದ್ದರು. ಸ್ಪೆಷಲ್ ಟೀ ಮಾಡಿಸಿದ ದಕ್ಷಿಣೆ ಕೊಡಲು ಬಂದಿದ್ದ ಸುಬ್ರಾಯರೂ ಅಲ್ಲಿದ್ದರು. ಮತ್ತೆ ನಾಲ್ಕಾರು ಜನ ಆಗಲೇ ಕಣ್ಣು ಮುಚ್ಚಿ ಕೂತಿದ್ದರು.

"ಬೇಡ" ಅಂದೆ.

ಒಂದೇ ಪದ. ಆದರೆ ಅಷ್ಟು ಗಟ್ಟಿಯಾಗಿ ನಾನು ಅಲ್ಲಿಯವರೆಗೆ ಏನನ್ನೂ ಹೇಳಿರಲಿಲ್ಲ. ಎಲ್ಲರೂ ಕಣ್ಣು ಬಿಟ್ಟರು.

"ಯಾರಮ್ಮ ಇದು? ಸಾವಿತ್ರಮ್ಮನ ಮಗಳಾ? ಇವಳಿಗೆ ಮಾತು ಬರುತ್ತಾ?" ಅಂದರು ಸುಬ್ರಾಯರು.

"ಕುಮುದಾ, ಸುಮ್ನಿರೇ," ಅಣ್ಣ ಹತ್ತಿರ ಬಂದ. "ಹೊನ್ನಜ್ಜಿ ಬರಬೇಕೋ ಬೇಡ್ವೋ?"

"ಬರಬೇಕು. ಗಂಟೆ ಬೇಡ. ಅತ್ತಿಗೆಗೆ ಮತ್ತೆ ಮೊದಲಿಂದ ಆಗುತ್ತೆ." ಉಸಿರು ಸಾಲಲಿಲ್ಲ. ನಮ್ಮ ಮನೆಯೊಳಗೆ ಏನು ನಡೆಯುತ್ತಿದೆ ಅಂತ ಊರಿಗೆ ಗೊತ್ತಾದದ್ದು ಆಗಲೇ. ಸುಬ್ರಾಯರ ಮುಖ ಸಣ್ಣದಾಯಿತು. "ಮತ್ತೆ ಮೊದಲಿಂದ ಅಂದ್ರೆ... ಬೆಳಗ್ಗೆ ನನ್ನ ಬೋರ್ಡು ಬದಲಾದಾಗಲೂ..." ಎಂದು ನಿಲ್ಲಿಸಿದರು.

ವೀರಭದ್ರಯ್ಯನವರು ಸುತ್ತಿಗೆಯನ್ನು ಹೆಗಲಿಗೆ ಇಟ್ಟುಕೊಂಡು ಕೇಳಿದರು. "ಬದಲಾಗಲೂಬೇಕು, ಗಂಟೆಯೂ ಬೇಡ. ಅದು ಹೇಗೆ ತಾಯಿ?"

ಕಿಟಕಿಯ ಸಂಗತಿ ಹೇಳಿದೆ. ತೊದಲಿದೆ, ನಡುವೆ ನಿಂತೆ, ಮತ್ತೆ ಹೇಳಿದೆ. ಹೆಸರು ಹಿಡಿದು ಕರೆದು, ಏನು ಬೇಕು ಅಂತ ಹೇಳಿ, ಬದಲಾದಾಗ ಏನು ಮಾಡಬೇಕು ಅಂತಲೂ ಹೇಳಿ, ನಮ್ಮ ಕೆಲಸಕ್ಕೆ ನಾವು ಹೋಗುವುದು. ಅಷ್ಟೇ.

"ನನ್ನ ಗಂಟೆ ಇಲ್ಲದೆ ನಿನ್ನ ಕಿಟಕಿ ತಿರುಗಿತಾ?" ಅವರ ದನಿಯಲ್ಲಿ ಕೋಪಕ್ಕಿಂತ ನೋವೇ ಹೆಚ್ಚಿತ್ತು. "ಕೇಳಿದ ಮೇಲೆ ಬಿಸಿಲು ಇಳಿಯೋದರೊಳಗೆ ಬಾರಿಸಲೇಬೇಕು, ಇದು ಗಂಟೆಮನೆ ಕಟ್ಟಳೆ. ನಿಮ್ಮಣ್ಣ ಕೇಳಿ ಆಗಿದೆ. ಈ ಮೆಟ್ಟಿಲ ಮೇಲೆ ಬಿಸಿಲು ಇರೋವರೆಗೂ ತಡೀತೀನಿ. ಆಮೇಲೆ ನನ್ನನ್ನ ಕೇಳಬೇಡ."

ನಾನು ಕಡವಿಗೆ ಇಳಿಯುವಾಗ ಹಿಂದೆ ಅರ್ಧ ಊರೇ ಬರುತ್ತಿತ್ತು. ಬೋರ್ಡಿನ ಮುಂದೆ ನಿಂತೆ. ಬೆನ್ನ ಮೇಲೆ ಅಷ್ಟೊಂದು ಕಣ್ಣು. ಆ ಬೋರ್ಡಿನ ಹೆಸರು ನನಗೆ ಗೊತ್ತಿತ್ತು. ಬಾಯಿಬಡುಕಿ. ದಿನಾ ಊರಿಗೆಲ್ಲ ಕೇಳುವ ಹಾಗೆ ಹೇಳುತ್ತಾಳೆ ಅಂತ ಯಾವ ಕಾಲದಲ್ಲೋ ಇಟ್ಟದ್ದು. ಚಿಕ್ಕಂದಿನಿಂದ ಅವಳ ಮೇಲೆ ನನಗೆ ಹೊಟ್ಟೆಕಿಚ್ಚು. ಆದರೆ ಅಷ್ಟು ಜನರೆದುರು ಬಾಯಿಬಡುಕೀ ಅಂತ ಕೂಗುವುದು ಹೇಗೆ? "ಬೋರ್ಡೇ," ಅಂದೆ ಮೆಲ್ಲಗೆ. "ಕಡವು ತೆರೆದಿದೆ ಅಂತ ಬದಲಾಗು. ಬದಲಾದಾಗ ದೋಣಿ ಬಿಡು."

ಅಕ್ಷರ ಕದಲಲಿಲ್ಲ. ಲಕ್ಕಣ್ಣ ಗಂಟು ಎಳೆದು ನೋಡಿದ, ತಲೆಯಾಡಿಸಿದ. ಯಾರೋ ಮರುಕದಿಂದ ಲೊಚಗುಟ್ಟಿದರು. ಅಣ್ಣ ನನ್ನ ಮುಖ ನೋಡಲಾರದೆ ಗುಡ್ಡದ ಕಡೆ ನೋಡಿದ. ಗಂಟೆಮನೆಯ ಮೇಲಿನ ಮೆಟ್ಟಿಲ ಅಂಚಿಗೆ ನೆರಳು ಬಂದಿತ್ತು.

ಆಗ ಪೇಟೆಯ ಕಡೆಯಿಂದ ಕೊಟ್ಟೂರಮ್ಮ ಸೆರಗು ಹಾರಿಸಿಕೊಂಡು ಓಡಿ ಬಂದರು. "ಸುಬ್ರಾಯರೇ, ಏನ್ರೀ ನಿಮ್ಮ ಹೋಟೆಲ್ ಬೋರ್ಡು! ಕಡವು ತೆರೆದಿದೆ ಅಂತಿದೆ! ಜನ ಟೀ ಬಿಟ್ಟು ಕುರ್ಚಿ ಕೆಳಗೆ ನೀರು ಹುಡುಕ್ತಿದಾರೆ!"

"ನನ್ನ ಸ್ಪೆಷಲ್ ಟೀ!" ಸುಬ್ರಾಯರು ತಲೆ ಮೇಲೆ ಕೈ ಹೊತ್ತರು.

ನನ್ನ ಮಾತು ತಲುಪಿತ್ತು! ಸರಿಯಾದ ಕಡೆ ಹೋಗಿರಲಿಲ್ಲ ಅಷ್ಟೆ. ಊರಲ್ಲಿ ಎಷ್ಟು ಬೋರ್ಡಿವೆ, ಬೋರ್ಡೇ ಅಂದರೆ ಮೊದಲು ಸಿಕ್ಕಿದವನು ಓ ಅಂದಿದ್ದಾನೆ. ಗಂಟೆಯೂ ಆಗಿಲ್ಲ, ಬಿಳುಪೂ ಬಂದಿಲ್ಲ. ಜನರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಈಗ ಆ ಕಣ್ಣುಗಳಲ್ಲಿ ಮರುಕ ಇರಲಿಲ್ಲ.

"ಅದರ ಹೆಸರೇನು ಕುಮುದಾ? ಕೂಗೇ. ನಗೋರು ನಗಲಿ, ನಾನು ನೋಡ್ಕೋತೀನಿ" ಅಂದ ಅಣ್ಣ.

ಕಣ್ಣು ಮುಚ್ಚಬೇಕು ಅನ್ನಿಸಿತು, ಮುಚ್ಚಲಿಲ್ಲ. "ಬಾಯಿಬಡುಕೀ!" ಎಂದು ಕೂಗಿದೆ. ಹೊಳೆಯಾಚೆಗೂ ಕೇಳಿಸಿರಬೇಕು. "ಕಡವು ತೆರೆದಿದೆ ಅಂತ ಬದಲಾಗು! ನೀನು ಬದಲಾದ ಕೂಡಲೇ ದೋಣಿಯ ಗಂಟು ಬಿಡು! ಬೇರೆ ಯಾವುದನ್ನೂ ಮುಟ್ಟಬೇಡ!"

ನಕ್ಕವರು ಒಬ್ಬಿಬ್ಬರೇ. ಉಳಿದವರೆಲ್ಲ ಅಭ್ಯಾಸದಂತೆ ಕೆಳಗೆ ಕೂತು ಕಣ್ಣು ಮುಚ್ಚಿಕೊಂಡಿದ್ದರು.

"ಏಳ್ರೀ, ಏಳಿ," ಅಂದೆ. "ಹಾಗೆ ಕೂರಬಾರದು. ಅದರ ಪಾಡಿಗೆ ಅದು ಬರುತ್ತೆ. ನಿಮ್ಮ ನಿಮ್ಮ ಕೆಲಸ ಮಾಡಿ."

"ಏನು ಕೆಲಸ ಮಾಡೋದಮ್ಮ?" ಲಕ್ಕಣ್ಣ ಪಾಪ ನಿಜವಾಗಿಯೂ ಕೇಳಿದ. ಬದಲಾವಣೆ ಬರುವಾಗ ಕೈಯಲ್ಲಿ ಕೆಲಸ ಇಟ್ಟುಕೊಂಡು ಅವನಿಗೆ ಗೊತ್ತಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಅವನು ಹರಿದ ಬಲೆ ಬಿಡಿಸಿಕೊಂಡು ಗಂಟು ಹಾಕತೊಡಗಿದ. ಕೊಟ್ಟೂರಮ್ಮ ಮಡಿಲಲ್ಲಿದ್ದ ಸೊಪ್ಪು ಸೋಸಲು ಕೂತರು. ಅಣ್ಣ ದೋಣಿಯೊಳಗಿನ ನೀರು ಮೊಗೆದು ಹಾಕಿದ. ನಾನು ಕಲ್ಲಿನ ಮೇಲೆ ಕೂತು ಮನೆಯಿಂದ ಓಡುವಾಗ ಕೈಯಲ್ಲೇ ಬಂದಿದ್ದ ಹಳೆ ಸೀರೆಯ ಅಂಚು ಹೊಲಿಯಲು ಶುರು ಮಾಡಿದೆ. ದಾರ ಪೋಣಿಸಿದ ಸೂಜಿ ಕುಪ್ಪಸದಲ್ಲೇ ಇತ್ತು. ಹೊಲಿಗೆ ಸೊಟ್ಟಗೆ ಹೋಗುತ್ತಿತ್ತು. ಬೋರ್ಡಿನ ಕಡೆ ನೋಡಬಾರದು ಅಂದುಕೊಂಡೆ, ನೋಡಲಿಲ್ಲ.

ಸುಬ್ರಾಯರೊಬ್ಬರೇ ಅತ್ತಿತ್ತ ನಡೆದಾಡುತ್ತ ಮಾತಾಡುತ್ತಿದ್ದರು. "ಅಲ್ಲಮ್ಮ, ನಾನು ಬೇಕು ಅಂತ ಮಾಡಿದ್ದಲ್ಲ. ಮನೇಲಿ ಹೆರಿಗೆ ನಡೀತಿದೆ ಅಂತ ಒಂದು ಮಾತು ಗೊತ್ತಿದ್ದಿದ್ರೆ ಆ ಟೀ ಮನೆ ಹಾಳಾಗ್ಲಿ ಅಂತ ಬೋರ್ಡನ್ನೇ ಕಿತ್ತು ಒಲೆಗೆ..."

ಗೂಟದ ಬಳಿ ಏನೋ ನೀರಿಗೆ ಬಿದ್ದ ಸದ್ದು. ದೋಣಿಯ ಹಗ್ಗ. ತಲೆ ಎತ್ತಿದೆ. ಬೋರ್ಡಿನ ಮೇಲೆ ಹೊಸ ಅಕ್ಷರ ಒದ್ದೆಯಾಗಿ ಹೊಳೆಯುತ್ತಿತ್ತು. ಕಡವು ತೆರೆದಿದೆ.

"...ಹಾಕ್ತಿದ್ದೆ" ಎಂದು ಸುಬ್ರಾಯರು ಮುಗಿಸಿದರು. ಮುಗಿಸಿದವರೇ ಬೆರಗಾಗಿ ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಊರು ಬದಲಾಗುವಾಗ ಆಡುತ್ತಿದ್ದ ಮಾತು ಉಳಿದದ್ದು ಅದೇ ಮೊದಲು. ಲಕ್ಕಣ್ಣನ ಬಲೆಯಲ್ಲಿ ಹಾಕಿದ ಗಂಟುಗಳು ಹಾಗೇ ಇದ್ದವು. ನನ್ನ ಸೊಟ್ಟ ಹೊಲಿಗೆಯೂ ಇತ್ತು. ಗುಡ್ಡದ ಮೆಟ್ಟಿಲ ಮೇಲೆ ಬಿಸಿಲು ಒಂದು ಅಂಗೈಯಗಲ ಉಳಿದಿತ್ತು. ಅಣ್ಣ ಕಡವಿನಿಂದಲೇ ಎರಡೂ ಕೈ ಎತ್ತಿ ಬೀಸಿದ. ಮೇಲೆ ವೀರಭದ್ರಯ್ಯನವರು ಸುತ್ತಿಗೆ ಕೆಳಗಿಟ್ಟದ್ದು ಕಾಣಿಸಿತು.

ಲಕ್ಕಣ್ಣ ಆಚೆ ದಡದಿಂದ ಕರೆತಂದ ಹೊನ್ನಜ್ಜಿ ಬೈದುಕೊಂಡೇ ದೋಣಿ ಇಳಿದಳು. "ಯಾವಳೇ ಅದು ಹೊಳೆ ದಾಟಿ ಬಾಯಿಬಡುಕೀ ಅಂತ ಕೂಗಿದ್ದು? ನನ್ನನ್ನೇ ಅಂದಳೇನೋ ಅಂತ ಕೋಲು ಹಿಡ್ಕೊಂಡು ದಡಕ್ಕೆ ಬಂದು ನಿಂತಿದ್ದೆ." ಹಾಗೆ ನಿಂತಿದ್ದರಿಂದಲೇ ಅವಳನ್ನು ಹುಡುಕಿಕೊಂಡು ಹೋಗುವ ಹೊತ್ತು ಉಳಿಯಿತು.

ಅವಳು ಒಳಗೆ ಹೋದ ಮೇಲೆ ನಾನು ಬಾಗಿಲಲ್ಲಿ ಬಿಸಿನೀರು ಹಿಡಿದು ನಿಂತೆ. ಅತ್ತಿಗೆ ನನ್ನನ್ನು ಕಂಡು, "ನಿನ್ನ ಕೂಗು ಇಲ್ಲಿಗೂ ಕೇಳಿಸ್ತು. ಯಾರನ್ನ ಹಾಗೆ ಬೈದೆ?" ಅಂದಳು. ಹೊನ್ನಜ್ಜಿಯ ಕೈ ಹೊಟ್ಟೆಯ ಮೇಲೆ ಮೆಲ್ಲಗೆ, ನಿದ್ದೆಯಲ್ಲಿರುವವರನ್ನು ಮಗ್ಗುಲಿಗೆ ಹೊರಳಿಸುವ ಹಾಗೆ ಸರಿಯುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಕೂಸು ಅತ್ತಿತು. ಹೊರಗೆ ಬೀದಿಯಲ್ಲಿ ಅಷ್ಟು ಜನ ನಿಂತಿದ್ದಾರೆ ಅಂತ ನನಗೆ ಗೊತ್ತಾದದ್ದು, ಆ ಅಳು ಕೇಳಿ ಅವರೆಲ್ಲ ಒಟ್ಟಿಗೆ ಉಸಿರು ಬಿಟ್ಟಾಗ.

"ಹೆಣ್ಣು" ಅಂದಳು ಹೊನ್ನಜ್ಜಿ. "ಯಾವೂರಿನವಳು ಅಂತ ಕೇಳಿದ್ರೆ ಈ ಊರು ಅಂತ ಹೇಳಬಹುದು ಇವಳು. ನೀವ್ಯಾರೂ ಹೇಳೋ ಹಾಗಿಲ್ಲ."

ಆಮೇಲೆ ಊರು ನಿಧಾನವಾಗಿ ಕಲಿಯಿತು. ಗಂಟೆ ಈಗಲೂ ಇದೆ. ಬೀದಿಗೆ ಬೀದಿಯೇ ಹೊಸದಾಗಬೇಕಾದಾಗ ಎಲ್ಲರಿಗೂ ಹೇಳಿ, ಅರ್ಧ ಕೆಲಸ ಯಾರದ್ದೂ ಇಲ್ಲ ಅಂತ ವಿಚಾರಿಸಿ ಬಾರಿಸುತ್ತಾರೆ. ಸಣ್ಣಪುಟ್ಟದಕ್ಕೆ ಜನ ಮರೆತ ಹೆಸರುಗಳನ್ನು ಕೇಳಿಕೊಂಡು ನನ್ನ ಹತ್ತಿರ ಬರುತ್ತಾರೆ. ತಪ್ಪುಗಳೂ ಆಗುತ್ತವೆ. ಕೊಟ್ಟೂರಮ್ಮ ಹೆಸರು ತಪ್ಪಿ ಕರೆದು ತಮ್ಮ ಬಾಗಿಲಿನ ಬದಲು ನಮ್ಮ ಬಾಗಿಲನ್ನು ಗಿಳಿಹಸಿರು ಮಾಡಿಟ್ಟಿದ್ದಾರೆ. ಹಾಗೇ ಇರಲಿ, ಚೆನ್ನಾಗಿದೆ ಅಂತ ಬಿಟ್ಟಿದ್ದೇವೆ. ಸುಬ್ರಾಯರ ಬೋರ್ಡಿನಲ್ಲಿ ಈಗಲೂ ಕಡವು ತೆರೆದಿದೆ ಎಂದೇ ಇದೆ. ಅದರಿಂದ ವ್ಯಾಪಾರ ಜಾಸ್ತಿಯಾಗಿದೆಯಂತೆ. ಮೊನ್ನೆ ವೀರಭದ್ರಯ್ಯನವರು ಮನೆಗೆ ಬಂದು, ಯಾರೂ ಇಲ್ಲದ ಹೊತ್ತು ನೋಡಿ, "ಗಂಟೆಮನೆ ಮೇಲಿನ ಮೆಟ್ಟಿಲು ಸ್ವಲ್ಪ ತಗ್ಗಿದ್ರೆ ನನ್ನ ಮಂಡಿಗೆ ಒಳ್ಳೇದು. ಅದರ ಹೆಸರೇನು ತಾಯಿ?" ಅಂತ ಕೇಳಿದರು. ಹೇಳಿಕೊಟ್ಟೆ.

ಅಮ್ಮ ಒಂದು ರಾತ್ರಿ ಧೈರ್ಯ ಮಾಡಿ ಅಕ್ಕಿ ಉದ್ದು ರುಬ್ಬಿಟ್ಟಳು. ಬೆಳಗ್ಗೆ ಹಿಟ್ಟು ಪಾತ್ರೆಯ ಮುಚ್ಚಳ ಎತ್ತಿಕೊಂಡು ಹೊರಗೆ ಇಣುಕುತ್ತಿತ್ತು. ಹಾಳಾಯಿತು ಅಂತ ಚೆಲ್ಲಲು ಹೊರಟ ಅಮ್ಮನನ್ನು ಅತ್ತಿಗೆ ಹಿಡಿದು ನಿಲ್ಲಿಸಿದಳು. ಅವತ್ತು ನಮ್ಮ ಬೀದಿಯವರೆಲ್ಲ ನಮ್ಮ ಮನೆಯ ಜಗಲಿಯಲ್ಲಿ ಕೂತು, ತಮ್ಮದೇ ಊರಿನ ದೋಸೆ ತಿಂದರು.

ಈಗ ಸಂಜೆ. ಕಿಟಕಿ ಹೊರಕ್ಕೆ ತೆರೆದಿದೆ, ಬೇವಿನ ಕೊಂಬೆ ಒಳಕ್ಕೆ ಬಂದಿದೆ. ಡೈರಿಯಲ್ಲಿ ನಾನು ಮೊದಲ ಸಲ ಒಂದು ಉದ್ದನೆಯ ವಾಕ್ಯ ಶುರು ಮಾಡಿದ್ದೇನೆ. ಅದರಲ್ಲಿ ಹೊಳೆ ಇದೆ, ಅತ್ತಿಗೆಯ ನಗು ಇದೆ, ನಾನು ಇಷ್ಟು ದಿನ ಯಾರಿಗೂ ಹೇಳದೆ ಉಳಿಸಿಕೊಂಡದ್ದೆಲ್ಲ ಒಂದರ ಹಿಂದೊಂದು ಬರುತ್ತಿದೆ. ಅರ್ಧ ಪುಟ ದಾಟಿದರೂ ಚುಕ್ಕಿ ಇಟ್ಟಿಲ್ಲ. ಪಕ್ಕದ ಕೋಣೆಯಲ್ಲಿ ಕೂಸು ಎದ್ದು ಅಳುತ್ತಿದೆ. "ಕುಮುದಾ, ಸ್ವಲ್ಪ ಎತ್ಕೋತೀಯಾ?" ಅಂತ ಅತ್ತಿಗೆ ಕರೆಯುತ್ತಿದ್ದಾಳೆ. ಪೆನ್ನು ಕೆಳಗಿಟ್ಟು ಎದ್ದೆ. ವಾಕ್ಯ ಅಲ್ಲೇ ಇರಲಿ, ಬಂದು ಮುಂದುವರಿಸುತ್ತೇನೆ.